ತಂತಿ ಕತ್ತರಿಸಿದ ಮೇಲೂ ಸುದ್ದಿ ತಲುಪಬೇಕು

ಬೇಸಿಗೆ ರಜೆ ಶುರುವಾಯಿತೆಂದರೆ ಜುಬೈಲ್, ದಮ್ಮಾಮ್, ಖೋಬಾರ್, ರಿಯಾದ್, ಜಿದ್ದಾಗಳಲ್ಲಿ ಕನ್ನಡಿಗರ ಮನೆಗಳಿಗೆ ಒಂದೊಂದಾಗಿ ಬೀಗ ಬೀಳುತ್ತದೆ. ಮಂಗಳೂರಿಗೋ ಬೆಂಗಳೂರಿಗೋ ಹೊರಟ ಕುಟುಂಬ ಮರಳುವುದು ಆರು ವಾರದ ಮೇಲೆ, ಕೆಲವರದು ಎರಡು ತಿಂಗಳ ಮೇಲೆ. ಅಂಗಡಿ, ವರ್ಕ್‌ಶಾಪ್, ಗೋದಾಮು ನಡೆಸುವವರು ವ್ಯವಹಾರ ನಿಲ್ಲಿಸುವಂತಿಲ್ಲ. ಕೀಲಿಯನ್ನು ಕೆಲಸದವರ ಕೈಗೆ ಕೊಟ್ಟು ಊರಿಗೆ ಹೋಗಬೇಕು. ಹೊರಡುವ ಮುಂಚೆ ಇಬ್ಬರೂ ಮಾಡುವ ಕೆಲಸ ಒಂದೇ. ಬಾಗಿಲಿಗೊಂದು ಸೆನ್ಸರ್, ಹಾಲ್‌ಗೊಂದು ಮೋಷನ್ ಸೆನ್ಸರ್, ಗೋಡೆಗೊಂದು ಸೈರನ್ ಹಾಕಿಸಿ, ಮೊಬೈಲಿಗೆ ಆ್ಯಪ್ ಇಳಿಸಿಕೊಂಡು, ಇನ್ನು ಚಿಂತೆಯಿಲ್ಲ ಎಂದುಕೊಳ್ಳುವುದು.

ಆ ಆ್ಯಪ್‌ಗೆ ಸುದ್ದಿ ಬರುವ ದಾರಿಯನ್ನು ಒಮ್ಮೆ ಹಿಂಬಾಲಿಸಿ ನೋಡಿ. ಬಾಗಿಲ ಸೆನ್ಸರ್ ಪ್ಯಾನೆಲ್‌ಗೆ ಹೇಳುತ್ತದೆ, ಪ್ಯಾನೆಲ್ ರೌಟರ್‌ಗೆ, ರೌಟರ್ ಗೋಡೆಯ ಫೈಬರ್ ಬಾಕ್ಸಿಗೆ. ಅಲ್ಲಿಂದ ಬೀದಿಯ ಕೇಬಲ್, ಟೆಲಿಕಾಂ ಕಂಪನಿ, ಎಷ್ಟೋ ಸಲ ಸಮುದ್ರದಾಚೆಯ ಯಾವುದೋ ದೇಶದಲ್ಲಿರುವ ಸರ್ವರ್. ಕೊನೆಗೆ ನಿಮ್ಮ ಫೋನು. ಈ ಸಾಲಿನಲ್ಲಿ ಒಂದು ಕೊಂಡಿ ಕಳಚಿದರೂ ಸೈರನ್ ಖಾಲಿ ಮನೆಯೊಳಗೆ ಕೂಗಿ ಕೂಗಿ ಸುಮ್ಮನಾಗುತ್ತದೆ. ಸೈರನ್ ಕೂಗುವುದು ಅಲಾರಂನ ಅರ್ಧ ಕೆಲಸ. ಎದ್ದು ಹೋಗಿ ನೋಡಬಲ್ಲ ಒಬ್ಬ ಮನುಷ್ಯನಿಗೆ ಸುದ್ದಿ ಮುಟ್ಟಿಸುವುದು ಉಳಿದರ್ಧ. ಆ ಅರ್ಧಕ್ಕೆ ಎರಡನೆಯ ದಾರಿ ಇಟ್ಟುಕೊಳ್ಳುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಎರಡನೆಯ ದಾರಿ ಎಂದರೆ ರೇಡಿಯೊ: ತಂತಿಯ ಹಂಗಿಲ್ಲದೆ ಗಾಳಿಯಲ್ಲಿ ಹೋಗುವ ಸಂದೇಶ.

ಇದು ಅತಿಯಾದ ಎಚ್ಚರ ಎನ್ನುವವರು ನಮ್ಮ ರಾಜ್ಯದಲ್ಲೇ ನಡೆದದ್ದನ್ನು ನೆನೆಯಬೇಕು. 2024ರ ಅಕ್ಟೋಬರ್ ಕೊನೆಯಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಎಸ್‌ಬಿಐ ಶಾಖೆಗೆ ನುಗ್ಗಿದವರು ಕಿಟಕಿಯ ಸರಳು ತೆಗೆದು ಒಳಹೊಕ್ಕು, ಸಿಸಿಟಿವಿ ಮತ್ತು ಅಲಾರಂ ಸಂಪರ್ಕ ಕತ್ತರಿಸಿ, ಗ್ಯಾಸ್ ಕಟರ್‌ನಿಂದ ಲಾಕರ್ ಕೊರೆದು 17 ಕೆ.ಜಿ.ಗೂ ಹೆಚ್ಚು ಅಡವಿನ ಚಿನ್ನ ಹೊತ್ತೊಯ್ದರು. ದೃಶ್ಯ ದಾಖಲಾಗಿದ್ದ ಡಿವಿಆರ್ ಪೆಟ್ಟಿಗೆಯನ್ನೂ ಬಿಡಲಿಲ್ಲ. ವಾರಾಂತ್ಯ ಕಳೆದು ಸೋಮವಾರ ಬಾಗಿಲು ತೆರೆದಾಗಲೇ ವಿಷಯ ತಿಳಿದದ್ದು. ಚಿನ್ನದ ಬಹುಪಾಲು ತಮಿಳುನಾಡಿನ ಮಧುರೈ ಜಿಲ್ಲೆಯ ಬಾವಿಯೊಂದರಲ್ಲಿ ಸಿಕ್ಕಿದ್ದು ತಿಂಗಳುಗಳ ಪೊಲೀಸ್ ಶ್ರಮದ ಮೇಲೆ. 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಿಂದ ಸುಮಾರು 59 ಕೆ.ಜಿ. ಚಿನ್ನ ಹೋದದ್ದೂ ವಾರಾಂತ್ಯದಲ್ಲೇ. ನ್ಯಾಮತಿಯ ಪಾಠ ಸ್ಪಷ್ಟ. ತಿಳಿದ ಕಳ್ಳ ಮೊದಲು ಕೈಹಾಕುವುದು ತಂತಿಗೆ. ಸಂಪರ್ಕ ಕಡಿದ ಕ್ಷಣದಲ್ಲೇ "ಇಲ್ಲಿ ಏನೋ ನಡೆದಿದೆ" ಎಂದು ದೂರದಲ್ಲಿರುವ ಯಾರಿಗಾದರೂ ತಿಳಿಯುವ ವ್ಯವಸ್ಥೆ ಇಲ್ಲದಿದ್ದರೆ ಎಷ್ಟು ದುಬಾರಿ ಪ್ಯಾನೆಲ್ ಇದ್ದರೂ ಉಪಯೋಗವಿಲ್ಲ.

ಸೌದಿಯಲ್ಲಿ ಆ ತಂತಿ ಎಲ್ಲಿ ಸಿಗುತ್ತದೆ? ಇಲ್ಲಿನ ವಿಲ್ಲಾಗಳಲ್ಲಿ ವಿದ್ಯುತ್ ಮೀಟರ್ ಮತ್ತು ಅದರ ಬ್ರೇಕರ್ ಸಾಮಾನ್ಯವಾಗಿ ಕಾಂಪೌಂಡ್ ಗೋಡೆಯ ಹೊರಮುಖದ ಪೆಟ್ಟಿಗೆಯಲ್ಲಿರುತ್ತವೆ. ಬೀದಿಯಲ್ಲಿ ನಿಂತೇ ಮನೆಯ ಕರೆಂಟ್ ತೆಗೆಯಬಹುದು. ಕರೆಂಟ್ ಹೋದರೆ ರೌಟರ್ ಸಾಯುತ್ತದೆ, ಅದರೊಂದಿಗೆ ಆ್ಯಪ್ ಕೂಡ. ಕಳ್ಳನೇ ಬರಬೇಕೆಂದಿಲ್ಲ. ರಜೆಯ ನಡುವೆ ಇಂಟರ್ನೆಟ್ ಬಿಲ್ಲಿನ ಗಡುವು ಮುಗಿಯಬಹುದು, ರಸ್ತೆ ಅಗೆತದಲ್ಲಿ ಫೈಬರ್ ತುಂಡಾಗಬಹುದು. 2025ರ ಸೆಪ್ಟೆಂಬರ್ 6ರಂದು ಜಿದ್ದಾ ಬಳಿ ಕೆಂಪು ಸಮುದ್ರದಲ್ಲಿ ಎಸ್‌ಎಂಡಬ್ಲ್ಯು-4 ಮತ್ತು ಐಎಂಇಡಬ್ಲ್ಯುಇ ಕೇಬಲ್‌ಗಳು ತುಂಡಾದಾಗ ಭಾರತ, ಪಾಕಿಸ್ತಾನ ಸೇರಿ ಹಲವು ದೇಶಗಳಲ್ಲಿ ಇಂಟರ್ನೆಟ್ ನಿಧಾನವಾಯಿತು. ಪ್ರತಿ ಸಂದೇಶವೂ ಯುರೋಪಿಗೋ ಚೀನಾಕ್ಕೋ ಹೋಗಿ ಬರಬೇಕಾದ ಅಲಾರಂಗೆ ಇಂಥ ದಿನ ಏನಾಗಬಹುದು ಎಂದು ಊಹಿಸಿ. 2009ರ ನವೆಂಬರ್ 25ರ ಜಿದ್ದಾ ಪ್ರವಾಹ ನೂರಕ್ಕೂ ಹೆಚ್ಚು ಜೀವ ತೆಗೆದುಕೊಂಡ ಘೋರ ದುರಂತ. ಬೀದಿಗಳೇ ಮುಳುಗಿದ ಅಂಥ ಹೊತ್ತಿನಲ್ಲಿ ನೆಲದ ಮೇಲಿನ ಯಾವ ಪೆಟ್ಟಿಗೆಯನ್ನೂ ನೆಚ್ಚುವಂತಿಲ್ಲ.

ವೈರ್‌ಲೆಸ್ ಎಂದು ಕೊಂಡದ್ದೆಲ್ಲ ಬ್ಯಾಕಪ್ ಅಲ್ಲ

ಅಂಗಡಿಯವರು "ಇದು ವೈರ್‌ಲೆಸ್ ಅಲಾರಂ" ಎಂದು ಮಾರುವಾಗ ಹೇಳುತ್ತಿರುವುದು ಸೆನ್ಸರ್‌ನಿಂದ ಪ್ಯಾನೆಲ್‌ವರೆಗಿನ ಹತ್ತಿಪ್ಪತ್ತು ಮೀಟರ್ ಬಗ್ಗೆ. ಅಷ್ಟು ದೂರ 433 ಅಥವಾ 868 ಮೆಗಾಹರ್ಟ್ಸ್‌ನ ಸಣ್ಣ ರೇಡಿಯೊದಲ್ಲಿ ಹೋಗುವ ಸಂದೇಶ, ಮನೆಯಿಂದ ಹೊರಗೆ ಹೋಗುವಾಗ ಅದೇ ರೌಟರ್ ಹಿಡಿದಿರಬಹುದು. ಆದ್ದರಿಂದ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಒಂದೇ: "ಮನೆಯಿಂದ ಹೊರಗೆ ಸುದ್ದಿ ಎಷ್ಟು ದಾರಿಯಲ್ಲಿ ಹೋಗುತ್ತದೆ?" ವೈಫೈ ಒಂದೇ ಎಂದು ಉತ್ತರ ಬಂದರೆ ಆ ಪೆಟ್ಟಿಗೆಯನ್ನು ಅಲ್ಲೇ ಬಿಡಿ.

ಹೊರಗೆ ಹೋಗುವ ರೇಡಿಯೊ ದಾರಿಗಳಲ್ಲಿ ಮನೆಗೂ ಸಣ್ಣ ಅಂಗಡಿಗೂ ಹೊಂದುವುದು ಮೊಬೈಲ್ ಜಾಲದ್ದು. ಪ್ಯಾನೆಲ್‌ನೊಳಗೆ ಅಥವಾ ಅದರ ಪಕ್ಕದಲ್ಲಿ ಸಿಮ್ ಹಾಕುವ ಕಮ್ಯುನಿಕೇಟರ್ ಇರುತ್ತದೆ. ಇಂಟರ್ನೆಟ್ ಇರುವಾಗ ಅದು ಸುಮ್ಮನಿದ್ದು, ಇಲ್ಲವಾದಾಗ 4ಜಿ ಡೇಟಾ, ಎಸ್‌ಎಂಎಸ್ ಅಥವಾ ಕರೆಯ ಮೂಲಕ ಸುದ್ದಿ ಕಳಿಸುತ್ತದೆ. ಒಳ್ಳೆಯವು ಎರಡೂ ದಾರಿಯನ್ನು ಸದಾ ಜೀವಂತವಾಗಿಟ್ಟುಕೊಂಡಿರುತ್ತವೆ.

ಇಲ್ಲಿ ಮೊದಲ ಬಲೆ 2ಜಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ 'ಜಿಎಸ್‌ಎಂ ಅಲಾರಂ'ಗಳ ಒಳಗಿರುವುದು ಬರೀ 2ಜಿ ಮೋಡೆಮ್. ಹಳೆಯ ಜಾಲಗಳನ್ನು ಕಂಪನಿಗಳು ಒಂದಲ್ಲ ಒಂದು ದಿನ ಮುಚ್ಚುತ್ತವೆ. ಅಮೆರಿಕದಲ್ಲಿ 2008ರ ಫೆಬ್ರವರಿಯಲ್ಲಿ ಅನಲಾಗ್ ಮೊಬೈಲ್ ಜಾಲ ನಿಂತಾಗ, ಮತ್ತೆ 2022ರಲ್ಲಿ 3ಜಿ ಜಾಲಗಳು ನಿಂತಾಗ ಅವುಗಳನ್ನೇ ನಂಬಿದ್ದ ಅಲಾರಂ ರೇಡಿಯೊಗಳನ್ನೆಲ್ಲ ಬದಲಿಸಬೇಕಾಯಿತು. ಕೊಳ್ಳುವುದಾದರೆ 4ಜಿ ಮೋಡೆಮ್ ಇರುವುದನ್ನೇ ಕೊಳ್ಳಿ. ಅದು 1800 ಮೆಗಾಹರ್ಟ್ಸ್ ಅಂದರೆ ಬ್ಯಾಂಡ್ 3 ಹಿಡಿಯುತ್ತದೆಯೇ ನೋಡಿ, ಏಕೆಂದರೆ ಸೌದಿಯ ಮೂರೂ ದೊಡ್ಡ ಕಂಪನಿಗಳ 4ಜಿ ಅಲ್ಲಿದೆ. ಅಮೆರಿಕದ ಮಾರುಕಟ್ಟೆಗೆಂದು ಮಾಡಿದ ಮೋಡೆಮ್ ಬೇರೆ ಬ್ಯಾಂಡ್‌ಗಳಿಗೆ ಹೊಂದಿಸಿದ್ದಿರುತ್ತದೆ. ಊರಿನ ಮನೆಗೂ ಇದೇ ಮಾತು ಅನ್ವಯ: ಜಿಯೊಗೆ 2ಜಿ ಜಾಲವೇ ಇಲ್ಲ, ಹಾಗಾಗಿ 2ಜಿ ಅಲಾರಂಗೆ ಜಿಯೊ ಸಿಮ್ ಹಾಕಿ ಪ್ರಯೋಜನವಿಲ್ಲ.

ಎರಡನೆಯ ಬಲೆ ಹೆಸರಿನದು. ಎರಡು ಸಿಮ್ ಹಾಕುವ ಕಮ್ಯುನಿಕೇಟರ್ ಕೊಂಡು ಒಂದಕ್ಕೆ ಎಸ್‌ಟಿಸಿ, ಇನ್ನೊಂದಕ್ಕೆ ವರ್ಜಿನ್ ಮೊಬೈಲ್ ಹಾಕಿದರೆ ಎರಡು ದಾರಿ ಆಯಿತೆಂದು ತೋರುತ್ತದೆ. ವರ್ಜಿನ್ ಸೌದಿಯಲ್ಲಿ ಓಡುವುದು ಎಸ್‌ಟಿಸಿಯ ಜಾಲದ ಮೇಲೆಯೇ. ಲೆಬಾರಾ ಓಡುವುದು ಮೊಬೈಲಿಯ ಮೇಲೆ. ಎಸ್‌ಟಿಸಿ, ಮೊಬೈಲಿ, ಝೈನ್ ಈ ಮೂರರಲ್ಲಿ ಯಾವುದಾದರೂ ಎರಡನ್ನು ಆರಿಸಿದರೆ ಮಾತ್ರ ಜಾಲ ಬೇರೆಯಾಗುತ್ತದೆ. ನಿಮ್ಮ ಫೈಬರ್ ಎಸ್‌ಟಿಸಿಯದಾದರೆ ಮೊದಲ ಸಿಮ್ ಬೇರೆ ಕಂಪನಿಯದಿರಲಿ. ಒಂದೇ ಟವರ್ ಮೇಲೆ ಎರಡು ಕಂಪನಿಗಳ ಆಂಟೆನಾ ಇರುವುದುಂಟು, ಎರಡೂ ಸಿಮ್‌ಗಳಿಗೆ ಪೆಟ್ಟಿಗೆಯ ಮೋಡೆಮ್ ಮತ್ತು ಆಂಟೆನಾ ಒಂದೇ. ಹಾಗಾಗಿ ಪೂರ್ತಿ ಬೇರ್ಪಡಿಸಲು ಆಗದು. ಫೈಬರ್ ಇದ್ದರೆ ಅದನ್ನೂ ಇಟ್ಟುಕೊಳ್ಳಿ ಎನ್ನುವುದು ಈ ಕಾರಣಕ್ಕೆ. ಜಾಮರ್ ಹಿಡಿದು ಬಂದವನು ಎರಡು ಸಿಮ್‌ಗಳ ಬಾಯನ್ನೂ ಒಟ್ಟಿಗೆ ಕಟ್ಟಬಲ್ಲ, ಫೈಬರ್‌ನದನ್ನು ಕಟ್ಟಲಾರ. ತಂತಿ ಕತ್ತರಿಸಿದವನು ರೇಡಿಯೊವನ್ನು ನಿಲ್ಲಿಸಲಾರ.

ದೊಡ್ಡ ಸಂಸ್ಥೆಗಳಿಗೆ ಬೇರೊಂದು ಬಗೆ ಇದೆ: ಮೊಬೈಲ್ ಕಂಪನಿಗಳನ್ನೇ ಅವಲಂಬಿಸದ ಸ್ವಂತ ದೂರಗಾಮಿ ರೇಡಿಯೊ. ಪ್ರತಿ ಕಟ್ಟಡದ ಟ್ರಾನ್ಸ್‌ಮಿಟರ್ ಪಕ್ಕದ ಕಟ್ಟಡದ ಸಂದೇಶವನ್ನೂ ಎತ್ತಿ ಮುಂದಕ್ಕೆ ದಾಟಿಸುತ್ತದೆ. ಒಂದು ದಾರಿ ಮುಚ್ಚಿದರೆ ಇನ್ನೊಂದರ ಮೂಲಕ ಸುದ್ದಿ ಭದ್ರತಾ ಕಂಪನಿಯ ಕಾವಲು ಕೇಂದ್ರ ಸೇರುತ್ತದೆ. ಅಮೆರಿಕದ ಎಇಎಸ್ ಕಂಪನಿಯ ರೇಡಿಯೊ ಜಾಲ ಇದೇ ತತ್ತ್ವದ್ದು. ಚಿನ್ನದ ಅಂಗಡಿಗಳ ಸಾಲು, ದೊಡ್ಡ ಕಾಂಪೌಂಡ್, ಗೋದಾಮುಗಳ ಪ್ರದೇಶಕ್ಕೆ ಇದು ಒಪ್ಪುವಂಥದ್ದು. ಆದರೆ ಇದಕ್ಕೆ ಬೇಕಾದ ತರಂಗಾಂತರ ಎಲ್ಲರಿಗೂ ತೆರೆದಿದ್ದಲ್ಲ. ಸೌದಿಯ ಸಂವಹನ, ಬಾಹ್ಯಾಕಾಶ ಮತ್ತು ತಂತ್ರಜ್ಞಾನ ಆಯೋಗದ, ಅಂದರೆ ಸಿಎಸ್‌ಟಿಯ, ಪರವಾನಗಿ ಬೇಕು. 2022ರವರೆಗೆ ಸಿಐಟಿಸಿ ಎಂಬ ಹೆಸರಿದ್ದ ಸಂಸ್ಥೆಯೇ ಇದು. ಪರವಾನಗಿ ತರುವ ಹೊಣೆ ಭದ್ರತಾ ಕಂಪನಿಯದು. ಗ್ರಾಹಕರಾದ ನೀವು ಅದರ ಪ್ರತಿ ಕೇಳಿ ಪಡೆಯಬೇಕು. ಜುಬೈಲ್, ಯಾನ್ಬುವಿನ ಕೈಗಾರಿಕಾ ಬೇಲಿಯೊಳಗೆ ಯಾರ್ಡ್ ಇರುವ ಗುತ್ತಿಗೆದಾರರು ಕೈಗಾರಿಕಾ ಭದ್ರತೆಯ ಹೈ ಕಮಿಷನ್‌ನ ನಿಯಮಗಳಿಗೆ ಒಳಪಡುತ್ತಾರೆ. ಅಲ್ಲಿ ಸ್ಥಾವರದ ಭದ್ರತಾ ವಿಭಾಗವನ್ನು ಕೇಳದೆ ಯಾವ ರೇಡಿಯೊವನ್ನೂ ಹಚ್ಚಬೇಡಿ.

ಇವೆರಡರ ನಡುವೆ ಒಂದು ಸರಳ ಉಪಾಯವಿದೆ. ಇದನ್ನು ಇನ್ನೂ ಹೆಚ್ಚು ಜನ ಮಾಡಬೇಕೆಂದು ನನ್ನ ಆಸೆ. ನಿಮ್ಮ ಪ್ಯಾನೆಲ್‌ನ 868 ಮೆಗಾಹರ್ಟ್ಸ್ ರೇಡಿಯೊಗೆ ಜೋಡಿಸಿದ ಇನ್ನೊಂದು ಸಣ್ಣ ಸೈರನ್ ಅನ್ನು ಪಕ್ಕದ ಫ್ಲಾಟಿನ ಗೆಳೆಯರ ಮನೆಯಲ್ಲೋ, ಕಟ್ಟಡದ ಕಾವಲುಗಾರ ಹಾರಿಸ್‌ನ ಕೋಣೆಯಲ್ಲೋ ಇಡಿ. ಸಿಮ್ ಬೇಡ, ಇಂಟರ್ನೆಟ್ ಬೇಡ. ಬಯಲಿನಲ್ಲಿ ಒಂದೆರಡು ಕಿಲೋಮೀಟರ್ ಎಂದು ತಯಾರಕರು ಹೇಳುವ ದೂರ, ಕಾಂಕ್ರೀಟ್ ಗೋಡೆಗಳ ನಡುವೆ ಕೆಲವೇ ಹತ್ತು ಮೀಟರಿಗೆ ಇಳಿಯಬಹುದು. ಇಟ್ಟು ಪರೀಕ್ಷಿಸಿಯೇ ತಿಳಿಯಬೇಕು. ರಾತ್ರಿ ಎರಡು ಗಂಟೆಗೆ ನಿಮ್ಮ ಫೋನ್ ದಿಂಬಿನಡಿ ಮೌನವಾಗಿದ್ದರೂ ಹಾರಿಸ್‌ನ ಕೋಣೆಯ ಸೈರನ್ ಅವನನ್ನು ಎಬ್ಬಿಸುತ್ತದೆ. ಹತ್ತು ಹೆಜ್ಜೆ ದೂರದಲ್ಲಿರುವವನು ಅವನೇ.

ಊರಿಂದ ಬರುವಾಗ ಅಲಾರಂ ಕಿಟ್ ಪೆಟ್ಟಿಗೆಗೆ ತುಂಬಿಕೊಂಡು ಬರುವವರಿಗೆ ಒಂದು ಮಾತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ವಿಂಗಡಣೆಯಲ್ಲಿ ಸೌದಿ ಅರೇಬಿಯಾ ವಲಯ 1ರಲ್ಲಿದೆ, ಭಾರತ ವಲಯ 3ರಲ್ಲಿ, ಅಮೆರಿಕ ವಲಯ 2ರಲ್ಲಿ. ಭಾರತದಲ್ಲಿ ಅಥವಾ ಅಮೆರಿಕದಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದ ತರಂಗಾಂತರ ಇಲ್ಲಿ ಬೇರೆಯವರದಾಗಿರಬಹುದು. ಅಮೆರಿಕದ 915 ಮೆಗಾಹರ್ಟ್ಸ್ ಕಿಟ್‌ಗಳನ್ನು ಇಲ್ಲಿ ಬಳಸಲೇಬೇಡಿ. ಸಿಎಸ್‌ಟಿ ಒಪ್ಪಿಗೆ ಇರುವ ಉಪಕರಣವನ್ನು ಸೌದಿಯಲ್ಲೇ ಕೊಳ್ಳುವುದು ಕಸ್ಟಮ್ಸ್ ತಕರಾರು ತಪ್ಪಿಸಲೂ ಒಳ್ಳೆಯದು, ವಾರಂಟಿಗೂ ಒಳ್ಳೆಯದು. ಅಡಾಪ್ಟರ್ ಮೇಲೆ 100–240 ವೋಲ್ಟ್, 50/60 ಹರ್ಟ್ಸ್ ಎಂದು ಬರೆದಿರಬೇಕು: ಇಲ್ಲಿನ ವಿದ್ಯುತ್ 60 ಹರ್ಟ್ಸ್‌ನದು, ಹಳೆಯ ಕಟ್ಟಡಗಳಲ್ಲಿ 127 ವೋಲ್ಟ್ ಸಾಕೆಟ್‌ಗಳು ಈಗಲೂ ಸಿಗುತ್ತವೆ.

ಸಿಮ್ ಯಾರ ಹೆಸರಿನಲ್ಲಿದೆ?

ತಂತ್ರಜ್ಞಾನಕ್ಕಿಂತ ಹೆಚ್ಚು ಅಲಾರಂಗಳನ್ನು ಮೂಕ ಮಾಡುವುದು ಕಾಗದಪತ್ರ ಎಂದು ನಾನು ನಂಬುತ್ತೇನೆ. ಸೌದಿಯಲ್ಲಿ 2016ರಿಂದ ಸಿಮ್ ಪಡೆಯಲು ಬೆರಳಚ್ಚು ಬೇಕು. ಪ್ರತಿ ಸಿಮ್ ಒಬ್ಬರ ಇಕಾಮಾಗೆ, ಅಂದರೆ ವಾಸದ ಪರವಾನಗಿಗೆ, ಅಂಟಿಕೊಂಡಿರುತ್ತದೆ. ಅಂಗಡಿಯ ಅಲಾರಂ ಹಚ್ಚುವ ದಿನ ಕೈಗೆ ಸಿಕ್ಕ ನೌಕರನ ಹೆಸರಿನಲ್ಲಿ ಸಿಮ್ ತೆಗೆದಿರುತ್ತಾರೆ. ಎರಡು ವರ್ಷದ ಮೇಲೆ ಅವನು ಫೈನಲ್ ಎಕ್ಸಿಟ್‌ನಲ್ಲಿ ಊರಿಗೆ ಹೋಗುತ್ತಾನೆ, ಇಕಾಮಾ ರದ್ದಾಗುತ್ತದೆ, ಅದರ ಹಿಂದೆಯೇ ಸಿಮ್ ಕೂಡ. ಪ್ಯಾನೆಲ್ ಮೇಲಿನ ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಏಕೆಂದರೆ ಇಂಟರ್ನೆಟ್ ಇದೆಯಲ್ಲ. ಬ್ಯಾಕಪ್ ಸತ್ತದ್ದು ಗೊತ್ತಾಗುವುದು ಅದು ಬೇಕಾದ ರಾತ್ರಿಯೇ.

ವ್ಯವಹಾರದ ಅಲಾರಂಗೆ ಸಿಮ್ ಅನ್ನು ಕಂಪನಿಯ ವಾಣಿಜ್ಯ ನೋಂದಣಿಯ ಹೆಸರಿನಲ್ಲೇ ತೆಗೆಯಿರಿ. ಮನೆಯದಾದರೆ ಮನೆಯ ಯಜಮಾನರ ಅಥವಾ ಯಜಮಾನಿಯ ಇಕಾಮಾದಲ್ಲಿರಲಿ. ರಜೆಯ ಅವಧಿಯಲ್ಲಿ ಇಕಾಮಾ ಮುಗಿಯುವುದಿದ್ದರೆ ಹೊರಡುವ ಮುಂಚೆಯೇ ನವೀಕರಿಸಿಕೊಳ್ಳಿ. ನಿಮ್ಮ ಇಕಾಮಾ ಮೇಲೆ ಯಾವ ಯಾವ ನಂಬರ್‌ಗಳಿವೆ ಎಂದು ಸಿಎಸ್‌ಟಿಯ 'ಅರ್ಕಾಮಿ' ಸೇವೆಯಲ್ಲಿ ನೋಡಬಹುದು. ಮರೆತುಹೋದ ಅಲಾರಂ ಸಿಮ್ ಅಲ್ಲಿ ಕಾಣಿಸಿಕೊಳ್ಳುತ್ತದೆ. ಪ್ರಿಪೇಯ್ಡ್ ಸಿಮ್‌ನ ದೊಡ್ಡ ಅಪಾಯ ಅವಧಿ ಮುಗಿಯುವುದು. ಸಾಧ್ಯವಾದರೆ ಪೋಸ್ಟ್‌ಪೇಯ್ಡ್ ಇರಲಿ, ಇಲ್ಲವೆಂದರೆ ವರ್ಷಕ್ಕೆ ಆಗುವ ಡೇಟಾ ಪ್ಯಾಕ್ ಹಾಕಿಸಿ ಅದರ ಕೊನೆಯ ದಿನವನ್ನು ಫೋನಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಹೆಚ್ಚು ಡೇಟಾ ಬೇಕಿಲ್ಲ. ಪ್ರತಿ 90 ಸೆಕೆಂಡಿಗೊಮ್ಮೆ "ಇದ್ದೇನೆ" ಎಂದು ಹೇಳಿದರೂ ದಿನಕ್ಕೆ 960 ಸಂದೇಶ. ಒಂದೊಂದಕ್ಕೆ ಅರ್ಧ ಕಿಲೋಬೈಟ್ ಹಿಡಿದರೆ ತಿಂಗಳಿಗೆ 15 ಎಂಬಿ ದಾಟುವುದಿಲ್ಲ. ಸಿಮ್ ಹಾಕುವ ಮುಂಚೆ ಅದನ್ನು ಫೋನಿಗೆ ಹಾಕಿ ಪಿನ್ ಕೇಳುವುದನ್ನು ತೆಗೆದುಬಿಡಿ, ಒಂದು ಎಸ್‌ಎಂಎಸ್ ಕಳಿಸಿ, ಡೇಟಾ ನಡೆಯುತ್ತಿದೆಯೇ ನೋಡಿ. ಪಿನ್ ಉಳಿದ ಸಿಮ್, ಪ್ಯಾನೆಲ್ ಒಮ್ಮೆ ಆರಿ ಹೊತ್ತಿದ ಮೇಲೆ ಬೀಗ ಹಾಕಿಕೊಂಡು ಕೂರುತ್ತದೆ.

ಮೌನವೂ ಸುದ್ದಿಯೇ

ಬ್ಯಾಕಪ್ ಇದೆ ಎನ್ನುವುದು ಒಂದು, ಅದು ಬದುಕಿದೆಯೇ ಎಂದು ಯಾರಾದರೂ ನೋಡುತ್ತಿದ್ದಾರೆ ಎನ್ನುವುದು ಇನ್ನೊಂದು. ಯುರೋಪಿನ ಇಎನ್ 50136 ಮಾನದಂಡ ಅಲಾರಂ ಸಂದೇಶದ ದಾರಿಗಳನ್ನು ವಿಂಗಡಿಸುವುದೇ ಇದರ ಮೇಲೆ. ಒಂದೇ ದಾರಿ ಇರುವವು ಎಸ್‌ಪಿ, ಎರಡು ದಾರಿ ಇರುವವು ಡಿಪಿ. ಡಿಪಿ1 ವ್ಯವಸ್ಥೆಯಲ್ಲಿ ಮುಖ್ಯ ದಾರಿ ಕಡಿದದ್ದು ಕಾವಲು ಕೇಂದ್ರಕ್ಕೆ ತಿಳಿಯಲು 25 ಗಂಟೆ ಹಿಡಿಯಬಹುದು. ಡಿಪಿ2ರಲ್ಲಿ 30 ನಿಮಿಷ, ಡಿಪಿ3ರಲ್ಲಿ 3 ನಿಮಿಷ, ಡಿಪಿ4ರಲ್ಲಿ 90 ಸೆಕೆಂಡು. ಲಾಕರ್ ಕೊರೆಯಲು ಕಳ್ಳನಿಗೆ ಬೇಕಾದ ಸಮಯದೊಂದಿಗೆ ಈ ಅಂಕಿಗಳನ್ನು ಹೋಲಿಸಿ ನೋಡಿದರೆ ವ್ಯತ್ಯಾಸ ಅರ್ಥವಾಗುತ್ತದೆ. ಫ್ಲಾಟಿಗೆ ಡಿಪಿ2 ಸಾಕು. ಚಿನ್ನ, ಮೊಬೈಲ್ ಫೋನ್, ನಗದು ಇಡುವ ಅಂಗಡಿಗೆ ಡಿಪಿ3ಕ್ಕಿಂತ ಕಡಿಮೆಗೆ ಒಪ್ಪಬೇಡಿ. ಒಪ್ಪಂದದಲ್ಲಿ "ಎರಡೂ ದಾರಿ ಒಟ್ಟಿಗೆ ಕಡಿದರೆ ಅದನ್ನು ಕಳ್ಳತನದ ಅಲಾರಂ ಎಂದೇ ಪರಿಗಣಿಸಿ ಕರೆ ಮಾಡುತ್ತೇವೆ" ಎಂಬ ಸಾಲು ಇರಲೇಬೇಕು. ಈ ಒಂದು ಸಾಲಿಗೆ ಉಪಕರಣದ ಬೆಲೆಗಿಂತ ಹೆಚ್ಚು ಬೆಲೆ.

ಕಾವಲು ಕೇಂದ್ರವಿಲ್ಲದೆ ಆ್ಯಪ್ ಮಾತ್ರ ಇಟ್ಟುಕೊಂಡವರು ಸೆಟ್ಟಿಂಗ್ಸ್ ತೆರೆದು, ಸರ್ವರ್‌ಗೂ ಹಬ್‌ಗೂ, ಅಂದರೆ ಪ್ಯಾನೆಲ್‌ಗೂ, ಸಂಪರ್ಕ ತಪ್ಪಿದಾಗ ಸೂಚನೆ ಬರುವ ಅವಧಿಯನ್ನು ಅಲ್ಲಿ ಸಿಗುವ ಅತಿ ಕಡಿಮೆಗೆ ಇಳಿಸಿ. ರೇಡಿಯೊ ಅಡಚಣೆಯ ಸೂಚನೆ ಇದ್ದರೆ ಅದನ್ನೂ ತೆರೆದಿಡಿ.

ಶಾಖ, ಬ್ಯಾಟರಿ, ಶಟರ್

ರೇಡಿಯೊಗೂ ಕರೆಂಟ್ ಬೇಕು. ತಂತಿ ಪ್ಯಾನೆಲ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಎಎಚ್‌ನ ಸೀಲ್ ಮಾಡಿದ ಲೆಡ್ ಬ್ಯಾಟರಿ ಇರುತ್ತದೆ. ಪ್ಯಾನೆಲ್, ಕಮ್ಯುನಿಕೇಟರ್, ನಾಲ್ಕಾರು ಸೆನ್ಸರ್ ಸೇರಿ ಕಾಲು ಆಂಪಿಯರ್ ಎಳೆಯುತ್ತವೆ ಎಂದುಕೊಳ್ಳಿ: ಲೆಕ್ಕದಲ್ಲಿ 28 ಗಂಟೆ. ಹಳೆಯದಾಗಿ ಮೂರನೆಯ ಒಂದು ಭಾಗ ಶಕ್ತಿ ಕಳೆದುಕೊಂಡ ಬ್ಯಾಟರಿ 18 ಗಂಟೆಗೇ ಕೈಬಿಡುತ್ತದೆ. ಇಎನ್ 50131 ಮಾನದಂಡ ಗ್ರೇಡ್ 2ರ ಅಲಾರಂಗೆ ಕೇಳುವುದು 12 ಗಂಟೆ. ಶುಕ್ರವಾರ, ಶನಿವಾರ ಮುಚ್ಚಿರುವ ಕಚೇರಿಗೆ ಅದು ಸಾಲದು.

ಈ ಲೆಕ್ಕವನ್ನು ಕೆಡಿಸುವುದು ಸೌದಿಯ ಬೇಸಿಗೆ. ಲೆಡ್ ಬ್ಯಾಟರಿಯ ಆಯಸ್ಸನ್ನು 25 ಡಿಗ್ರಿ ಶಾಖಕ್ಕೆ ಲೆಕ್ಕ ಹಾಕಿರುತ್ತಾರೆ. ಅದರ ಮೇಲೆ ಪ್ರತಿ 10 ಡಿಗ್ರಿಗೆ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಎಸಿ ಆರಿಸಿ ಮುಚ್ಚಿದ ಮನೆಯೊಳಗೆ ಜುಲೈನಲ್ಲಿ ಎಷ್ಟು ಬಿಸಿ ಏರುತ್ತದೆಂದು ಮರಳಿ ಬಂದು ಬಾಗಿಲು ತೆರೆದವರಿಗೆಲ್ಲ ಗೊತ್ತು. ನಾಲ್ಕು ವರ್ಷ ಬಾಳಬೇಕಾದ ಬ್ಯಾಟರಿಯನ್ನು ಇಲ್ಲಿ ಎರಡು ವರ್ಷಕ್ಕೇ ಬದಲಿಸಿ, ಹಾಕಿದ ತಿಂಗಳು-ವರ್ಷವನ್ನು ಅದರ ಮೇಲೆಯೇ ಮಾರ್ಕರ್‌ನಿಂದ ಬರೆಯಿರಿ. ಲಿಥಿಯಂ ಬ್ಯಾಟರಿ ಒಳಗಿರುವ ಹಬ್‌ಗಳಲ್ಲಿ ಹಲವು 40 ಡಿಗ್ರಿಯವರೆಗೆ ಮಾತ್ರ ಕೆಲಸಕ್ಕೆಂದು ಮಾಡಿದವು. ಪ್ಯಾನೆಲ್ ಇರುವ ಕೋಣೆ ಪಶ್ಚಿಮದ ಬಿಸಿಲಿನ ಗೋಡೆಗೆ ತಾಗಿರದಿರಲಿ. ಮಾಳಿಗೆಯ ನೀರಿನ ಟ್ಯಾಂಕಿನ ಕೋಣೆಯಲ್ಲಂತೂ ಖಂಡಿತ ಬೇಡ. ರೌಟರಿಗೂ ಫೈಬರ್ ಬಾಕ್ಸಿಗೂ ಸೇರಿ ಒಂದು ಸಣ್ಣ ಡಿಸಿ ಯುಪಿಎಸ್ ಇಟ್ಟರೆ ಕರೆಂಟ್ ಹೋದಾಗಲೂ ಮೊದಲ ದಾರಿ ಕೆಲವು ಗಂಟೆ ಉಳಿಯುತ್ತದೆ. ಬೀದಿಯ ಫೈಬರ್ ಹಂಚಿಕೆಗೆ ನಡುವೆ ವಿದ್ಯುತ್ ಬೇಕಿಲ್ಲ, ಕೊನೆಯಲ್ಲಿರುವ ನಿಮ್ಮ ಪೆಟ್ಟಿಗೆಗೆ ಮಾತ್ರ ಬೇಕು.

ಶಾಖದ ಇನ್ನೊಂದು ಪರಿಣಾಮ ರೇಡಿಯೊಗೆ ಸೇರಿದ್ದಲ್ಲವಾದರೂ ಹೇಳಲೇಬೇಕು. ಮೋಷನ್ ಸೆನ್ಸರ್ ಗುರುತಿಸುವುದು ಮನುಷ್ಯನ ಮೈಬಿಸಿಗೂ ಕೋಣೆಯ ಬಿಸಿಗೂ ಇರುವ ಅಂತರವನ್ನು. ಕೋಣೆಯೇ 35–37 ಡಿಗ್ರಿಗೆ ಬಂದರೆ ಆ ಅಂತರ ಕರಗಿ ಸೆನ್ಸರ್ ಮಂಕಾಗುತ್ತದೆ. ಬೇಸಿಗೆಯಲ್ಲಿ ಮುಚ್ಚಿಡುವ ಮನೆಗೆ ಬಾಗಿಲು-ಕಿಟಕಿಯ ಕಾಂಟ್ಯಾಕ್ಟ್ ಸೆನ್ಸರ್‌ಗಳೇ ಮುಖ್ಯ ಕಾವಲಾಗಲಿ. ಮೋಷನ್ ಸೆನ್ಸರ್ ಬೇಕಿದ್ದರೆ ಮೈಕ್ರೋವೇವ್ ಕೂಡ ಸೇರಿರುವುದನ್ನು ಆರಿಸಿ.

ಸಿಗ್ನಲ್ ವಿಷಯದಲ್ಲಿ ಅಂಗಡಿಯವರು ಎಡವುವುದು ಒಂದೇ ಜಾಗದಲ್ಲಿ. ತಂತ್ರಜ್ಞ ಹಗಲಲ್ಲಿ ಬಂದು, ಶಟರ್ ಎತ್ತಿರುವಾಗ ಸಿಗ್ನಲ್ ನೋಡಿ ಹೋಗುತ್ತಾನೆ. ರಾತ್ರಿ ಕಬ್ಬಿಣದ ಶಟರ್ ಇಳಿದ ಮೇಲೆ ಅದೇ ಅಂಗಡಿ ಲೋಹದ ಡಬ್ಬಿ. ಅಲಾರಂ ಕೆಲಸ ಮಾಡಬೇಕಾದದ್ದು ಆಗಲೇ. ಶಟರ್ ಇಳಿಸಿ, ಒಳಗಿನ ದೀಪ ಆರಿಸಿ ಆಮೇಲೆ ಅಳೆಯಲು ಹೇಳಿ. ಬಹಳಷ್ಟು ಕಮ್ಯುನಿಕೇಟರ್‌ಗಳು 0ರಿಂದ 31ರವರೆಗಿನ ಅಂಕದಲ್ಲಿ ಸಿಗ್ನಲ್ ತೋರಿಸುತ್ತವೆ. 15ರ ಮೇಲಿದ್ದರೆ ನೆಮ್ಮದಿ, 10ಕ್ಕಿಂತ ಕೆಳಗಿದ್ದರೆ ಹೊರಗಿನ ಆಂಟೆನಾ ಬೇಕು. ಆಂಟೆನಾ ಶಟರಿನ ಮೇಲ್ಗಡೆ, ಕೈಗೆಟುಕದ ಎತ್ತರದಲ್ಲಿ, ನಾಮಫಲಕದ ಹಿಂದೆ ಇರಲಿ. ಕೇಬಲ್ ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು. ಪ್ಯಾನೆಲ್ ಪೆಟ್ಟಿಗೆ ಬಾಗಿಲ ಪಕ್ಕದಲ್ಲಿ ಕಣ್ಣಿಗೆ ಬೀಳುವಂತೆ ಇರಬಾರದು. ಒಳಕೋಣೆಯಲ್ಲಿ, ಯಾರಾದರೂ ಮುಚ್ಚಳ ತೆಗೆದರೆ ಕೂಗುವ ಟ್ಯಾಂಪರ್ ಸ್ವಿಚ್ ಸಮೇತ ಇರಲಿ. ಎಲ್ಲರಿಗೂ ಕಾಣಬೇಕಾದದ್ದು ಕೋಡ್ ಒತ್ತುವ ಕೀಪ್ಯಾಡ್ ಮಾತ್ರ.

ಸುದ್ದಿ ತಲುಪಿದ ಮೇಲೆ

ಸೌದಿಯಲ್ಲಿ ಬೆಳಗಿನ ಜಾವ 3 ಗಂಟೆಯಾದಾಗ ಊರಲ್ಲಿ 5.30. ಉಡುಪಿಯ ಮನೆಯಲ್ಲಿ ಮಲಗಿರುವ ನಿಮಗೆ ಅಲಾರಂ ಬಂತು ಎನ್ನಿ. ಭಾರತದಿಂದ 999 ಒತ್ತಿದರೆ ಸೌದಿಯ ಪೊಲೀಸರು ಸಿಗುವುದಿಲ್ಲ. ಆದ್ದರಿಂದ ಸೂಚನೆ ಹೋಗುವ ನಂಬರ್‌ಗಳಲ್ಲಿ ಮೊದಲಿನದು ಸೌದಿಯ ಅದೇ ಪಟ್ಟಣದಲ್ಲಿರುವ, ಆ ವಾರ ರಜೆಗೆ ಹೋಗದಿರುವ ಒಬ್ಬರದಾಗಿರಬೇಕು. ನಿಮ್ಮದು ಎರಡನೆಯದು. ಮೂರನೆಯದಾಗಿ, ವಿಲ್ಲಾ ಬಾಡಿಗೆಯದಾದರೆ ಮಾಲೀಕರದು, ಅಂಗಡಿಯಾದರೆ ಸೌದಿ ಪಾಲುದಾರರದು. ಭಾರತದ ನಂಬರಿಗೆ ಎಸ್‌ಎಂಎಸ್ ಕಳಿಸಲು ಅಲಾರಂ ಸಿಮ್‌ಗೆ ಅಂತರರಾಷ್ಟ್ರೀಯ ಸೌಲಭ್ಯವೂ ಬ್ಯಾಲೆನ್ಸೂ ಬೇಕು ಎಂಬುದು ನೆನಪಿರಲಿ. ಆ್ಯಪ್ ಸೂಚನೆ ಡೇಟಾ ಮೂಲಕ ಬರುವುದರಿಂದ ಅದಕ್ಕೆ ಆ ತೊಡಕಿಲ್ಲ.

ಹೊಣೆ ಹೊತ್ತ ಗೆಳೆಯರ ಕೈಗೆ ಮೂರು ವಿಷಯ ಬರೆದುಕೊಡಿ. ಒಂದು, ತುರ್ತು ನಂಬರ್: ರಿಯಾದ್, ಮಕ್ಕಾ ಪ್ರಾಂತ್ಯ ಮತ್ತು ಪೂರ್ವ ಪ್ರಾಂತ್ಯದಲ್ಲಿ 911, ಅಂದರೆ ಜಿದ್ದಾ, ದಮ್ಮಾಮ್, ಜುಬೈಲ್‌ಗಳೂ ಇದರಲ್ಲೇ ಬರುತ್ತವೆ; ಈ ಸೇವೆ ಇಲ್ಲದ ಕಡೆ ಪೊಲೀಸರಿಗೆ 999, ಬೆಂಕಿಯಾದರೆ 998. ಎರಡು, ನಿಮ್ಮ ಕಟ್ಟಡದ ರಾಷ್ಟ್ರೀಯ ವಿಳಾಸದ ಕಿರು ಸಂಕೇತ, ನಾಲ್ಕು ಅಕ್ಷರ ಮತ್ತು ನಾಲ್ಕು ಅಂಕಿಯದ್ದು. "ದೊಡ್ಡ ಮಸೀದಿಯ ಹಿಂದಿನ ಬೀದಿ" ಎಂದು ವಿವರಿಸುತ್ತ ಕೂರುವುದಕ್ಕಿಂತ ಆ ಎಂಟು ಅಕ್ಷರಾಂಕಿ ಬೇಗ ಕೆಲಸ ಮಾಡುತ್ತವೆ. ಮೂರು, ಅರಬಿ ಬಾರದವರಿಗೆ ಕನ್ನಡ ಅಕ್ಷರದಲ್ಲೇ ಬರೆದ ಒಂದು ವಾಕ್ಯ: "ಫೀ ಹರಾಮಿ ಫಿಲ್ ಬೈತ್", ಮನೆಯಲ್ಲಿ ಕಳ್ಳನಿದ್ದಾನೆ; ಅಂಗಡಿಯಾದರೆ "ಫಿಲ್ ಮಹಲ್". ಪೊಲೀಸರು ಬರುವ ಮುಂಚೆ ಒಳಗೆ ಕಾಲಿಡಬಾರದೆಂದು ಅವರಿಗೆ ಖಂಡಿತವಾಗಿ ಹೇಳಿ. ಹೋದ ವಸ್ತು ಮತ್ತೆ ಸಿಕ್ಕೀತು, ಹೋದ ಜೀವ ಸಿಗದು.

ಕ್ಯಾಮೆರಾ ಇದ್ದವರಿಗೆ ಒಂದು ಎಚ್ಚರಿಕೆ. ಸೌದಿಯಲ್ಲಿ ಭದ್ರತಾ ಕ್ಯಾಮೆರಾಗಳ ಬಳಕೆಗೆ 2022ರಲ್ಲಿ ಪ್ರತ್ಯೇಕ ಕಾನೂನು ಬಂದಿದೆ. ಅಂಗಡಿಯ ಕ್ಯಾಮೆರಾದಲ್ಲಿ ಸಿಕ್ಕ ಕಳ್ಳನ ವಿಡಿಯೊವನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹರಿಯಬಿಡುವುದು ನಿಮ್ಮನ್ನೇ ದಂಡಕ್ಕೆ ಗುರಿ ಮಾಡಬಹುದು. ಅದನ್ನು ಪೊಲೀಸರಿಗೆ ಕೊಡಿ, ಬೇರೆ ಯಾರಿಗೂ ಬೇಡ. ಬೆಂಕಿಯ ಅಲಾರಂ ಕೂಡ ಬೇರೆಯೇ ಲೆಕ್ಕ: ಅಂಗಡಿಗೆ ಸಿವಿಲ್ ಡಿಫೆನ್ಸ್ ಒಪ್ಪಿದ ವ್ಯವಸ್ಥೆಯೇ ಬೇಕು, ಕಳ್ಳರ ಅಲಾರಂಗೊಂದು ಹೊಗೆ ಸೆನ್ಸರ್ ಸೇರಿಸಿ ಮುಗಿಸುವಂತಿಲ್ಲ.

ತಿಂಗಳಿಗೊಮ್ಮೆ, ಟಿಕೆಟ್ ಕೈಗೆ ಬಂದ ವಾರದಲ್ಲಂತೂ ತಪ್ಪದೆ, ಹೀಗೆ ಪರೀಕ್ಷಿಸಿ. ಕಾವಲು ಕೇಂದ್ರವಿದ್ದರೆ ಮೊದಲು ಅವರಿಗೆ ತಿಳಿಸಿ. ಅಲಾರಂ ಹಚ್ಚಿ, ರೌಟರಿನ ಪ್ಲಗ್ ಕಿತ್ತು ಬಾಗಿಲು ತೆರೆಯಿರಿ. ಸಿಮ್ ಮೂಲಕ ಸುದ್ದಿ ಬರಲು ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡಿ. ರೌಟರ್ ಮತ್ತೆ ಹಚ್ಚಿ, ಸಿಮ್ ತೆಗೆದು, ಸಿಮ್ ಇಲ್ಲವೆಂಬ ದೂರು ಬರುತ್ತದೆಯೇ ನೋಡಿ. ಆಮೇಲೆ ಎರಡನ್ನೂ ತೆಗೆದು ಮೌನದ ಸೂಚನೆಗೆ ಕಾಯಿರಿ. ಕೊನೆಗೆ ಮೇನ್ ಬ್ರೇಕರ್ ಇಳಿಸಿ ಒಂದು ರಾತ್ರಿ ಬ್ಯಾಟರಿಯ ಮೇಲೇ ಬಿಡಿ. ಬೇಸಿಗೆಯ ರಾತ್ರಿ ಎಸಿ ಇಲ್ಲದೆ ಇರಲಾಗದಿದ್ದರೆ ಪ್ಯಾನೆಲ್‌ನ ಬ್ರೇಕರ್ ಒಂದನ್ನೇ ಇಳಿಸಿದರೂ ಆದೀತು. ಬೆಳಿಗ್ಗೆ ಬ್ಯಾಟರಿ ಸೋತಿದ್ದರೆ ಬದಲಿಸಲು ಇನ್ನೂ ದಿನಗಳಿರುತ್ತವೆ. ರಂಜಾನ್‌ನಲ್ಲಿ ಅಂಗಡಿ ತಡರಾತ್ರಿವರೆಗೆ ತೆರೆದಿರುವುದರಿಂದ ಅಲಾರಂ ತಾನೇ ಹತ್ತಿಕೊಳ್ಳುವ ಸಮಯವನ್ನು ಆ ತಿಂಗಳಿಗೆ ಬದಲಿಸಿ, ಈದ್ ಮುಗಿದ ಮೇಲೆ ಮತ್ತೆ ಹಿಂದಿನಂತೆ ಇಡಲು ಮರೆಯಬೇಡಿ.

ಸೌದಿ ಬಿಟ್ಟು ಪೂರ್ತಿಯಾಗಿ ಊರಿಗೆ ಹೊರಡುವವರು ಮನೆ ಅಥವಾ ಅಂಗಡಿಯನ್ನು ಇನ್ನೊಬ್ಬರಿಗೆ ಒಪ್ಪಿಸುವಾಗ ಕ್ರಮ ತಪ್ಪಬಾರದು. ಮೊದಲು ಹೊಸಬರ ಸಿಮ್ ಹಾಕಿಸಿ, ಪರೀಕ್ಷೆ ಮಾಡಿ, ಆ್ಯಪ್‌ನ ಒಡೆತನವನ್ನು ಅವರ ಹೆಸರಿಗೆ ವರ್ಗಾಯಿಸಿ, ಮಾಸ್ಟರ್ ಕೋಡ್ ಬದಲಿಸಲು ಹೇಳಿ. ಅದೆಲ್ಲ ಆದ ಮೇಲೆಯೇ ನಿಮ್ಮ ಸಿಮ್ ರದ್ದು ಮಾಡಿ. ಹಿಂದುಮುಂದಾದರೆ ನಿಮ್ಮ ಎಕ್ಸಿಟ್‌ನ ದಿನದಿಂದ ಅವರ ಅಲಾರಂಗೆ ಎರಡನೆಯ ದಾರಿ ಇರುವುದಿಲ್ಲ.